ಹಡಗಿನ ಬಾಟಲಿ, ಗುಮಾಸ್ತರ ಕೆನ್ನೆ

ಸೋಮವಾರ ಬೆಳಿಗ್ಗೆ ಮೀಟಿಂಗ್ ರೂಮಿನ ಬಾಗಿಲು ತೆಗೆದರೆ, ಯಾರೋ ಗರಂ ಮಸಾಲೆ ಹುರಿದು ಪಕ್ಕದಲ್ಲೇ ಕೂತು ಒಂದು ಡಜನ್ ಪೆನ್ಸಿಲ್ ಹೆರೆದ ಹಾಗಿತ್ತು. ಚಕ್ಕೆ, ಲವಂಗ, ವೆನಿಲಾ, ಸೀಡರ್ ಮರ. ವಾಸನೆ ಕೆಟ್ಟದ್ದೇನಲ್ಲ. ಆದರೆ ಎಂಟು ಕುರ್ಚಿಯ ರೂಮಿಗೆ ಒಂದು ಮದುವೆ ಮನೆಗಾಗುವಷ್ಟು ಬಿದ್ದಿತ್ತು. ಮೈಗ್ರೇನ್ ಇರುವ ಸಹೋದ್ಯೋಗಿಯೊಬ್ಬರು ಹತ್ತೇ ನಿಮಿಷಕ್ಕೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಹೋದರು.

ಘಮದ ಮೂಲ ನಮ್ಮ ಟೀಮಿನ ಹುಡುಗ. ಇಪ್ಪತ್ತಾರು ವರ್ಷ, ಕೆಲಸದಲ್ಲಿ ಚುರುಕು, ಮಾತು ಮಾತ್ರ ಮೆತ್ತಗೆ. ಮಧ್ಯಾಹ್ನ ಕಾಫಿ ಮಷೀನ್ ಹತ್ತಿರ ಬಂದು, "ಅಕ್ಕಾ, ಜಾಸ್ತಿ ಆಯ್ತಾ?" ಅಂದ. ಆಯ್ತು ಮಾರಾಯ, ಅಂದೆ. ಆಮೇಲೆ ಒಂದೊಂದೇ ಹೊರಗೆ ಬಂತು. ಈ ಸಲದ ಅಪ್ರೈಸಲ್‌ನಲ್ಲಿ ಅವನಿಗೆ 'ಪ್ರೆಸೆನ್ಸ್ ಸಾಲದು' ಅಂತ ಬರೆದಿದ್ದಾರೆ. ಹಾಗಂದ್ರೇನು, ಏನು ಮಾಡಬೇಕು, ಯಾರೂ ಬಿಡಿಸಿ ಹೇಳಿಲ್ಲ. ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಹುಡುಕುತ್ತಿದ್ದಾಗ ಈ ಸೆಂಟು ಸಿಕ್ಕಿದೆ. ಬೆಚ್ಚಗಿನ, ಮಸಾಲೆಯ, ಮರದ ಘಮ. ಆತ್ಮವಿಶ್ವಾಸ ಇರುವ, ಕೊಂಚ ನಿಗೂಢ ಗಂಡಸಿಗೆ ಅಂತ ಬರೆದಿತ್ತಂತೆ. ಆರು ಸಾವಿರ ಕೊಟ್ಟಿದ್ದಾನೆ. ನಾಲ್ಕು ಜನರ ಮುಂದೆ ಸುಮ್ಮನೆ ಕೂತರೂ ತಾನು ಅಲ್ಲಿದ್ದೇನೆ ಅಂತ ಗೊತ್ತಾಗಲಿ ಅಂತ.

ನನಗೆ ನಗು ಬರಲಿಲ್ಲ. ನಾನು ಬೆಳೆದದ್ದೇ ಅದೇ ಜಾತಿಯ ಬಾಟಲಿಯೊಂದರ ಪಕ್ಕ.

ನಮ್ಮ ಅಪ್ಪ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರು. ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ರಜೆಗೆ ಬರುವಾಗ ಕ್ಯಾಂಟೀನಿನಿಂದ ಓಲ್ಡ್ ಸ್ಪೈಸ್ ಆಫ್ಟರ್ ಶೇವ್ ತರುತ್ತಿದ್ದರು. ಬಾಟಲಿಯ ಮೇಲೆ ಹಾಯಿ ಬಿಚ್ಚಿದ ಹಡಗು. ದೂರದರ್ಶನದ ಕಾಲದ ಆ ಜಾಹೀರಾತು ಮನೆಯ ದೊಡ್ಡವರಿಗೆ ಇನ್ನೂ ನೆನಪಿರುತ್ತದೆ, ಕೇಳಿ ನೋಡಿ. ದೈತ್ಯ ಅಲೆ, ಅದರ ಮೇಲೆ ಹಲಗೆ ಏರಿ ನಿಂತ ಧೀರ, ಹಿಂದೆ ಕಾರ್ಲ್ ಆರ್ಫ್‌ನ ಕಾರ್ಮಿನಾ ಬುರಾನಾ ಗುಡುಗುತ್ತಿತ್ತು. ನಮ್ಮಪ್ಪನಿಗೋ ಕೆರೆ ಏರಿ ಮೇಲೆ ಸೈಕಲ್ ತುಳಿಯಲೂ ಭಯ. ಯಾವುದಾದರೂ ಮದುವೆಗೆ ಹೊರಟಾಗ ಶೇವ್ ಮಾಡಿ ಎರಡು ಹನಿ ಅಂಗೈಗೆ ಹಾಕಿ ಕೆನ್ನೆ ತಟ್ಟಿಕೊಂಡು 'ಸ್ಸ್' ಅನ್ನೋರು. ಅಮ್ಮ ಒಳಗಿಂದಲೇ, "ಏನ್ರೀ, ಛತ್ರಕ್ಕೋ ಹಡಗಿಗೋ?" ಅನ್ನೋಳು.

ಈ ಹಡಗಿನ ಹಿಂದೆ ಒಂದು ಮಜವಾದ ಸಂಗತಿ ಇದೆ. ಅಮೆರಿಕದಲ್ಲಿ ಶಲ್ಟನ್ ಕಂಪನಿ ಕಟ್ಟಿದ ವಿಲಿಯಂ ಲೈಟ್‌ಫುಟ್ ಶುಲ್ಟ್ಸ್ ಅವರಿಗೆ ಈ ಪರಿಮಳ ಹೊಳೆದದ್ದು ತಾಯಿಯ ಜಾಡಿಯಿಂದ. ಒಣಗಿದ ಗುಲಾಬಿ ಎಸಳು, ಮಸಾಲೆ ಸಾಮಾನು ಬೆರೆಸಿ ಮನೆ ಘಮಗುಡಲಿ ಅಂತ ಇಡುವ ಜಾಡಿ. 1937ರಲ್ಲಿ ಬಂದ ಮೊದಲ ಓಲ್ಡ್ ಸ್ಪೈಸ್ ಹೆಂಗಸರಿಗಾಗಿಯೇ ಇತ್ತು. ಗಂಡಸರದ್ದು ಬಂದದ್ದು ಮರುವರ್ಷ, 1938ರಲ್ಲಿ. ಹಡಗನ್ನು ಅಂಟಿಸಿದ ಮೇಲೆ ಜಾಡಿ ಮರೆತುಹೋಯಿತು, ಘಮ ಕಡಲಿನ ಗಂಡಸಾಯಿತು. 2010ರಲ್ಲಿ ಅದೇ ಹೆಸರನ್ನು ಇಸಾಯಾ ಮುಸ್ತಾಫಾ ಎಂಬ ನಟ ಟವೆಲ್ ಸುತ್ತಿಕೊಂಡು, ಕೊನೆಗೆ ಕುದುರೆ ಮೇಲೆ ಕೂತು ಮಾರಿದ; ಆಗ ಅದು ತಮಾಷೆಗಾರನೂ ಆಯಿತು. ಇಷ್ಟೆಲ್ಲ ವೇಷ ಹಾಕಿಸಿದವರು ಜಾಹೀರಾತಿನವರು. ಚಕ್ಕೆ, ಲವಂಗಕ್ಕೆ ಇದ್ಯಾವುದೂ ಗೊತ್ತಿಲ್ಲ.

ಹಾಗಂತ ಘಮಕ್ಕೆ ಸ್ವಭಾವವೇ ಇಲ್ಲ ಅನ್ನಲಾರೆ. ಬೆಚ್ಚಗೆ ಅನ್ನಿಸುವುದು ಸುಳ್ಳಲ್ಲ. ನಿಂಬೆ, ಕಿತ್ತಳೆಯಂಥ ವಾಸನೆ ಬೇಗ ಹಾರಿಹೋಗುತ್ತದೆ. ಮರ, ವೆನಿಲಾ, ಸಾಂಬ್ರಾಣಿಯಂಥವು ನಿಧಾನವಾಗಿ ಆವಿಯಾಗಿ ಸಂಜೆವರೆಗೂ ಮೈಗೆ ಅಂಟಿಕೊಂಡಿರುತ್ತವೆ. ಅದಕ್ಕೇ ಇಂಥ ಸೆಂಟು ಹಾಕಿದವರು ಆತುರವಿಲ್ಲದವರ ಹಾಗೆ ಕಾಣುತ್ತಾರೋ ಏನೋ. ಲವಂಗದ ಜೀವಾಳ ಯೂಜಿನಾಲ್ ಎಂಬ ರಾಸಾಯನಿಕ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂಗಿಗೆ ಬಡಿಯುವುದೂ ಅದೇ. ಅಲ್ಲಿ ಎದೆ ನಡುಗಿಸುತ್ತದೆ, ಬೇಸನ್ ಲಾಡಿನಲ್ಲಿ ಸಿಕ್ಕರೆ ಹಬ್ಬ ನೆನಪಿಸುತ್ತದೆ. ಪಶ್ಚಿಮದವರಿಗೆ ಈ ಮಸಾಲೆಗಳೆಂದರೆ ಚಳಿಗಾಲ, ಕ್ರಿಸ್‌ಮಸ್ ಕೇಕು, ಉರಿಯುವ ಒಲೆ. ಪರಿಮಳದ ವ್ಯಾಪಾರದವರು ಈ ಮನೆತನಕ್ಕೆ ಬಹುಕಾಲ 'ಓರಿಯೆಂಟಲ್' ಅಂತ ಹೆಸರಿಟ್ಟಿದ್ದರು, ಈಚೆಗೆ 'ಆಂಬರ್' ಅನ್ನುತ್ತಿದ್ದಾರೆ. ಅವರಿಗೆ ನಿಗೂಢ ಪೂರ್ವದೇಶ ಅನ್ನಿಸಿದ್ದು ನಮ್ಮ ಮಸಾಲೆ ಡಬ್ಬಿ! ಆರು ಸಾವಿರದ ನಿಗೂಢತೆಯ ಅರ್ಧ ಭಾಗ ನಮ್ಮಮ್ಮನ ಪಲಾವಿನಲ್ಲಿತ್ತು.

ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. ಅವನಿಗೆ ಬೇಕಿದ್ದದ್ದು ಬೇರೆ. "ನನಗೇ ಗೊತ್ತಾಗ್ತಿರಲಿಲ್ಲ ಅಕ್ಕಾ, ಹಾಕಿದ ಹತ್ತು ನಿಮಿಷಕ್ಕೆ ವಾಸನೆ ಹೋದಂಗಿತ್ತು. ಅದಕ್ಕೇ ಕ್ಯಾಬಲ್ಲಿ ಮತ್ತೆ ಹೊಡ್ಕೊಂಡೆ." ಘಮ ಹೋಗಿರಲಿಲ್ಲ, ಅವನ ಮೂಗು ಒಗ್ಗಿಹೋಗಿತ್ತು. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಸ್ವಲ್ಪ ಹೊತ್ತಿಗೆ ಅದನ್ನು ಲೆಕ್ಕಕ್ಕೆ ಇಡುವುದೇ ಇಲ್ಲ. ನಾವಿದ್ದೇವೆ ಅಂತ ನಮಗೇ ಅನುಮಾನ, ಹೊರಗಿನಿಂದ ಬಂದವರಿಗೆ ತಲೆನೋವು. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಇಂಥ ಸೆಂಟು ಇನ್ನೂ ಜೋರಾಗಿ ಹರಡುತ್ತದೆ, ಬಟ್ಟೆಗೆ ಬಿದ್ದರಂತೂ ಮರುದಿನದವರೆಗೂ ಬಿಡುವುದಿಲ್ಲ. ಒಂದು ಸಲ ಎದೆಗೆ ಹೊಡ್ಕೋ, ಮೇಲೆ ಶರ್ಟ್ ಹಾಕ್ಕೋ, ಸಾಕು ಅಂದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಕೈಗೆ ಹಾಕಿಸಿಕೊಂಡು ಅರ್ಧ ಗಂಟೆ ಸುತ್ತಾಡಿ ಬಾ. ಮೊದಲ ಐದು ನಿಮಿಷದ ವಾಸನೆ ಹೋದಮೇಲೆ ಉಳಿಯುವುದೇ ದಿನವಿಡೀ ನಿನ್ನ ಜೊತೆ ಇರೋದು.

'ಪ್ರೆಸೆನ್ಸ್' ಬಗ್ಗೆ ನನಗೆ ಹೇಳಲು ಬಂದದ್ದು ಅಪ್ಪನ ಒಂದು ಕತೆ ಮಾತ್ರ. ಭಾನುವಾರ ನಮ್ಮ ಜಗಲಿ ಮೇಲೆ ಅರ್ಜಿ ಬರೆಸುವವರು ಕೂತಿರುತ್ತಿದ್ದರು. ಪಹಣಿ ತಿದ್ದುಪಡಿ, ವಿಧವಾ ವೇತನ, ಹೀಗೆ. ಅಪ್ಪ ಎಷ್ಟು ಮೆತ್ತಗೆ ಕೇಳುತ್ತಿದ್ದರೆಂದರೆ ಎದುರಿಗಿದ್ದವರು ಬಗ್ಗಿ ಹತ್ತಿರ ಬರಲೇಬೇಕು. ಹಾಗೆ ಬಗ್ಗಿದಾಗ ಮಾತ್ರ ಕೆನ್ನೆಯ ಲವಂಗದ ಘಮ ಸಿಗುತ್ತಿತ್ತು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವರು ಬರೆದ ಅರ್ಜಿ ವಾಪಸ್ ಬಂದದ್ದೂ ಕಡಿಮೆ. ಇಂಥವರಿಗೆ ನಮ್ಮ ಆಫೀಸಿನ ಫಾರ್ಮಿನಲ್ಲಿ ಎಷ್ಟು ಅಂಕ ಬೀಳುತ್ತಿತ್ತೋ, ಯೋಚಿಸಿದರೆ ಸಿಟ್ಟು ಬರುತ್ತದೆ. ಮ್ಯಾನೇಜರನ್ನೇ ಕೇಳು, ಪ್ರೆಸೆನ್ಸ್ ಅಂದ್ರೆ ಒಂದು ಉದಾಹರಣೆ ಕೊಡಿ ಅಂತ, ಅಂದೆ. "ಕೇಳಬಹುದಾ ಅಕ್ಕಾ?" ಅಂದ. ಕೇಳು ಅಂದೆ.

ಗುರುವಾರ ಕೇಳಿದನಂತೆ. ಮ್ಯಾನೇಜರ್ ಸ್ವಲ್ಪ ಹೊತ್ತು ತಡವರಿಸಿ, ಮುಂದಿನ ಕ್ಲೈಂಟ್ ಕಾಲ್ ನೀನೇ ನಡೆಸು ಅಂದರಂತೆ. ಶುಕ್ರವಾರ ಸಂಜೆ ಲಿಫ್ಟಿನಲ್ಲಿ ಇದನ್ನು ನನಗೆ ಹೇಳುತ್ತಿದ್ದ. ಅವನು ಸೆಂಟು ಹಾಕಿದ್ದಾನೆ ಅಂತ ಗೊತ್ತಾದದ್ದು ನೆಲಮಹಡಿಯ ಬಟನ್ ಒತ್ತಲು ಕೈ ಚಾಚಿದಾಗ.