ನೀರಿನಡಿಯ ಅಡಿಪಾಯ ಮತ್ತು ಟೆಂಡರಿನ ದರ

ಸೇತುವೆ, ಬಂದರುಗಳ ಕಾಮಗಾರಿಯಲ್ಲಿ ಲಾಭ-ನಷ್ಟಗಳು ಬಹುಮಟ್ಟಿಗೆ ಕಣ್ಣಿಗೆ ಕಾಣದ ಅಡಿಪಾಯವನ್ನೇ ಅವಲಂಬಿಸಿವೆ. ನೀರಿನಲ್ಲಿ ಅಡಿಪಾಯ ಹಾಕಲು ಬಳಸುವ ಕೈಸನ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ತಳ ಮುಚ್ಚಿದ ಪೆಟ್ಟಿಗೆ ಕೈಸನ್ನನ್ನು ದಡದಲ್ಲಿ ನಿರ್ಮಿಸಿ, ತೇಲಿಸಿ ತಂದು, ಸಮಗೊಳಿಸಿದ ನೆಲದ ಮೇಲೆ ಕೂರಿಸಲಾಗುತ್ತದೆ. ಮೇಲೂ ಕೆಳಗೂ ತೆರೆದಿರುವ ಕೈಸನ್, ಅಂದರೆ ಭಾರತದ ನದಿ ಸೇತುವೆಗಳಲ್ಲಿ ರೂಢಿಯಲ್ಲಿರುವ ಬಾವಿ ಅಡಿಪಾಯ, ಒಳಗಿನ ಮಣ್ಣು ತೆಗೆದಂತೆಲ್ಲ ಸ್ವಂತ ಭಾರದಿಂದ ಕೆಳಗಿಳಿಯುತ್ತದೆ. ಮೂರನೆಯದರಲ್ಲಿ ಒತ್ತಡದ ಗಾಳಿಯಿಂದ ನೀರನ್ನು ತಡೆದು ಕಾರ್ಮಿಕರು ತಳದಲ್ಲಿಯೇ ಅಗೆಯುತ್ತಾರೆ.

ಈ ಮೂರನೆಯ ಬಗೆಯ ಬೆಲೆ ಹಣದಲ್ಲಿ ಮಾತ್ರ ಅಳೆಯುವಂಥದಲ್ಲ. ನ್ಯೂಯಾರ್ಕಿನಲ್ಲಿ 1883ರಲ್ಲಿ ಸಂಚಾರಕ್ಕೆ ತೆರೆದ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಕೈಸನ್ ರೋಗಕ್ಕೆ ತುತ್ತಾದರು. ಸಾವುಗಳು ಸಂಭವಿಸಿದ್ದರಿಂದ ನ್ಯೂಯಾರ್ಕ್ ದಡದ ಕೈಸನ್ನನ್ನು ಶಿಲಾಸ್ತರ ಮುಟ್ಟುವ ಮೊದಲೇ, ಸುಮಾರು 78 ಅಡಿ ಆಳದ ಗಟ್ಟಿ ಮರಳಿನ ಮೇಲೆ ನಿಲ್ಲಿಸಲಾಯಿತು.

ಬಾವಿ ಅಡಿಪಾಯದ ಅಪಾಯ ಬೇರೆ. ಬಾವಿ ಓರೆಯಾದರೆ ಅಥವಾ ಬಂಡೆ ಅಡ್ಡಬಂದರೆ ಕೆಲಸ ನಿಲ್ಲುತ್ತದೆ. ಸಾಲದ ಬಡ್ಡಿ ನಿಲ್ಲುವುದಿಲ್ಲ. ಒಟ್ಟು ಮೊತ್ತದ ಗುತ್ತಿಗೆಯಲ್ಲಿ ಈ ಭಾರವೆಲ್ಲ ಗುತ್ತಿಗೆದಾರನ ಮೇಲೆ ಬೀಳುತ್ತದೆ. ನಷ್ಟ ಸಂಭವನೀಯವೆಂದು ಕಂಡೊಡನೆ ಅದನ್ನು ಪೂರ್ಣವಾಗಿ ಲೆಕ್ಕಕ್ಕೆ ತರಬೇಕೆಂಬುದು ಲೆಕ್ಕಪತ್ರ ಮಾನಕ 7ರ ನಿಯಮ. ಇಂತಹ ಒಂದೇ ಬಾವಿ ಸಣ್ಣ ಸಂಸ್ಥೆಯೊಂದರ ಬಂಡವಾಳವನ್ನು ಕರಗಿಸಬಲ್ಲದು.

ಆದ್ದರಿಂದ ಟೆಂಡರಿಗೆ ಮೊದಲೇ ಪ್ರತಿ ಕಂಬದ ಸ್ಥಳದಲ್ಲಿ ಮಣ್ಣು ಪರೀಕ್ಷೆ ನಡೆಯಬೇಕು. ಬಾವಿ ಇಳಿಸುವುದಕ್ಕೆ ಮಣ್ಣಿನ ಬಗೆಗನುಸಾರ ಮೀಟರುವಾರು ದರ ನಿಗದಿಯಾಗಬೇಕು. ಪರೀಕ್ಷೆಯಲ್ಲಿ ಉಳಿಸಿದ ಹಣವು ಮುಂದೆ ವ್ಯಾಜ್ಯದ ವೆಚ್ಚವಾಗಿ ಮರಳುವುದೆಂಬುದನ್ನು ಕಾಮಗಾರಿ ವಹಿಸುವವರು ಮನಗಾಣುವುದು ಒಳಿತು.