ಕ್ಯಾನ್ಸರ್ ವಾರ್ಡಿನ ಖಿನ್ನತೆ: ಗಂಡಸರ ಲೆಕ್ಕ ಎಲ್ಲಿ?

ಕ್ಯಾನ್ಸರ್ ಎಂದು ಗೊತ್ತಾದರೆ ಹೆಂಗಸರು ಕುಸಿದುಹೋಗುತ್ತಾರೆ, ಗಂಡಸರು ಹೇಗೋ ತಡೆದುಕೊಳ್ಳುತ್ತಾರೆ ಎಂಬ ಮಾತು ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಚಾಲ್ತಿಯಲ್ಲಿದೆ. ಈಚೆಗೆ ಮಿದುಳಿನ ಸ್ಕ್ಯಾನ್‌ಗಳ ಬಣ್ಣದ ಚಿತ್ರಗಳನ್ನೂ ಅದರ ಪರವಾಗಿ ಸಾಕ್ಷಿಗೆ ಕರೆಯಲಾಗುತ್ತಿದೆ. ತುಮಕೂರು ಜಿಲ್ಲೆಗೂ ಈ ಚರ್ಚೆಗೂ ನೇರ ಸಂಬಂಧವಿದೆ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರದ 2025–26ರ ಬಜೆಟ್ ಘೋಷಿಸಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಕಿಮೋಥೆರಪಿ ಕೊಡುವ ಕೆಲಸಕ್ಕೆ ರಾಜ್ಯ ಸರ್ಕಾರವೂ ಅದೇ ವರ್ಷ ಕೈಹಾಕಿದೆ. ಗುಬ್ಬಿಯಿಂದ ರೈಲು ಹತ್ತಿ, ಕುಣಿಗಲ್‌ನಿಂದ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅಲೆಯುತ್ತಿದ್ದವರಲ್ಲಿ ಹಲವರಿಗೆ ಇನ್ನು ಮುಂದೆ ಜಿಲ್ಲಾ ಕೇಂದ್ರದಲ್ಲೇ ಡ್ರಿಪ್ ಏರಿಸುವ ದಿನಗಳು ಬರಲಿವೆ. ಅವರ ಮನಸ್ಸಿನ ಸ್ಥಿತಿಯನ್ನು ಯಾರು ವಿಚಾರಿಸಬೇಕು, ಹೇಗೆ ವಿಚಾರಿಸಬೇಕು ಎಂಬುದು ಕೇಂದ್ರ ಶುರುವಾಗುವ ಹೊತ್ತಿಗೇ ತೀರ್ಮಾನವಾಗಬೇಕಾದ ಸಂಗತಿ. ಹೆಂಗಸರ ಕಡೆ ಹೆಚ್ಚು ಗಮನ ಕೊಟ್ಟು ಗಂಡಸರನ್ನು ಅವರ ಪಾಡಿಗೆ ಬಿಡುವ ರೂಢಿಗೆ ಈಗ ನಮ್ಮ ಮುಂದಿರುವ ಪುರಾವೆಗಳಲ್ಲಿ ಆಧಾರ ಸಿಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ಅಂಕಿಗಳನ್ನು ನೋಡೋಣ. ಕೆನಡಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳಿಗೆ ಪ್ರಶ್ನಾವಳಿ ಕೊಟ್ಟು ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಂಗಸರ ಆತಂಕ ಮತ್ತು ಖಿನ್ನತೆಯ ಪ್ರಮಾಣ ಹೆಚ್ಚಿತ್ತು. ಕೆಲವು ಬಗೆಯ ಕ್ಯಾನ್ಸರ್‌ಗಳಲ್ಲಂತೂ ಗಂಡಸರಿಗಿಂತ ಎರಡು–ಮೂರು ಪಟ್ಟು. ಅದರ ಹಿಂದಿನ ವರ್ಷ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂದ ವಿಶ್ಲೇಷಣೆ ಬೇರೆಯದೇ ಮಾತು ಹೇಳಿತು. ಅಲೆಕ್ಸ್ ಮಿಚೆಲ್ ಮತ್ತು ಸಂಗಡಿಗರು, ರೋಗಿಯೊಡನೆ ಸಂದರ್ಶನ ನಡೆಸಿ ಖಿನ್ನತೆಯನ್ನು ಗುರುತಿಸಿದ್ದ 94 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಕ್ಯಾನ್ಸರ್ ವಿಭಾಗಗಳಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಖಿನ್ನತೆ ಇತ್ತು. ವಯಸ್ಸಾಗಲಿ, ಹೆಣ್ಣು–ಗಂಡೆಂಬುದಾಗಲಿ ಆ ಪ್ರಮಾಣವನ್ನು ಏರಿಳಿಸಿದ್ದು ಕಾಣಲಿಲ್ಲ. ಎರಡೂ ಗಂಭೀರ ಅಧ್ಯಯನಗಳೇ. ಒಂದು ಕಡೆ ರೋಗಿಯೇ ಹಾಳೆಯ ಮೇಲೆ ಗುರುತು ಹಾಕಿ ತನ್ನ ಸಂಕಟವನ್ನು ಒಪ್ಪಿಕೊಳ್ಳಬೇಕು, ಇನ್ನೊಂದು ಕಡೆ ತಿಳಿದವರು ಎದುರು ಕುಳಿತು ಕೆದಕಿ ಕೇಳುತ್ತಾರೆ. ಅಂತರದ ಒಂದು ಪಾಲಾದರೂ ಕೇಳುವ ಬಗೆಯಿಂದಲೇ ಹುಟ್ಟುತ್ತದೆ ಎಂದು ನಾನು ಓದಿಕೊಳ್ಳುವುದು ಇದರಿಂದ.

ಇನ್ನು ಮಿದುಳು. ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಸೂಸುವ ಫ್ಲೋರಿನ್ ಬೆರೆಸಿದ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಗಡ್ಡೆ ಅದನ್ನು ದುರಾಸೆಯಿಂದ ಹೀರುತ್ತದೆ. ದೇಹದ ಶಕ್ತಿಯ ಐದನೇ ಒಂದು ಭಾಗವನ್ನು ಬಳಸುವ ಮಿದುಳೂ ಹೀರುತ್ತದೆ. ಹೀಗಾಗಿ ಕ್ಯಾನ್ಸರ್ ಹುಡುಕುವ ಯಂತ್ರವೇ ಮಿದುಳಿನ ಚಟುವಟಿಕೆಯನ್ನೂ ತೋರಿಸಬಲ್ಲದು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ, ಕ್ಯಾನ್ಸರ್ ರೋಗಿಗಳ ಮಿದುಳಿನಲ್ಲಿ ಭಾವನೆಗಳನ್ನು ನಿರ್ವಹಿಸುವ ಲಿಂಬಿಕ್ ಭಾಗಗಳು ಕಡಿಮೆ ಸಕ್ಕರೆ ಬಳಸುತ್ತಿರುವುದನ್ನು ವರದಿ ಮಾಡಿದ್ದರು. ಹೆಣ್ಣು–ಗಂಡಿನ ವ್ಯತ್ಯಾಸಕ್ಕೆ ಬಂದರೆ, ಅಮೆರಿಕದ ಮಾರ್ಕ್ ಜಾರ್ಜ್ ತಂಡದ 1996ರ ಪ್ರಯೋಗವಿದೆ. ಆರೋಗ್ಯವಂತ ಗಂಡಸರಿಗೂ ಹೆಂಗಸರಿಗೂ ದುಃಖದ ನೆನಪು ತಂದುಕೊಳ್ಳಲು ಹೇಳಿ ಮಿದುಳಿನ ರಕ್ತಸಂಚಾರವನ್ನು ಅಳೆದಾಗ, ಹೆಂಗಸರಲ್ಲಿ ಲಿಂಬಿಕ್ ಪ್ರದೇಶದ ಹೆಚ್ಚು ವಿಸ್ತಾರವಾದ ಭಾಗ ಚುರುಕಾಗಿತ್ತು. ಆದರೆ ತಮಗೆ ಎಷ್ಟು ದುಃಖವಾಯಿತೆಂದು ಇಬ್ಬರೂ ಹೇಳಿದ ಪ್ರಮಾಣ ಹೆಚ್ಚುಕಡಿಮೆ ಒಂದೇ! ಈ ಎರಡನೆಯ ಅರ್ಧ ಅನೇಕ ವೇಳೆ ಬಿಟ್ಟುಹೋಗುತ್ತದೆ. ಅನುಭವಿಸಿದ ದುಃಖ ಒಂದೇ ಆಗಿದ್ದೂ ಚಿತ್ರ ಬೇರೆಯಾಗುವುದಾದರೆ, ಚಿತ್ರವನ್ನು ನೋಡಿ ದುಃಖದ ತೂಕ ಹೇಳಲು ಬರುವುದಿಲ್ಲ. ಅದೂ ಕ್ಯಾನ್ಸರ್ ರೋಗಿಯ ಮಿದುಳಿನ ಮೇಲೆ ಕಿಮೋ, ವಾಂತಿ ತಡೆಯಲು ಕೊಡುವ ಸ್ಟೆರಾಯ್ಡ್, ನಿದ್ದೆಗೇಡು, ನೋವು ಎಲ್ಲದರ ನೆರಳೂ ಬಿದ್ದಿರುತ್ತದೆ. ಇಂಥ ಅಧ್ಯಯನಗಳು ಹೇಳುವುದು ಗುಂಪಿನ ಸರಾಸರಿಯನ್ನು. ಮುಂದಿನ ಮಂಚದ ಮೇಲಿರುವ ವ್ಯಕ್ತಿಯ ಬಗ್ಗೆ ಅವು ಹೇಳುವುದು ತೀರಾ ಅಲ್ಪ.

ಹಾಗಾದರೆ ಗಂಡಸರ ಖಿನ್ನತೆ ಎಲ್ಲಿ ಅಡಗಿದೆ? ಅಮೆರಿಕದ ಲೀಸಾ ಮಾರ್ಟಿನ್ ತಂಡ 2013ರಲ್ಲಿ, ಖಿನ್ನತೆಯ ಲಕ್ಷಣಗಳ ಪಟ್ಟಿಗೆ ಸಿಡುಕು, ಕುಡಿತ, ಪ್ರಾಣಕ್ಕೆ ಬೆಲೆ ಕೊಡದ ನಡವಳಿಕೆಗಳನ್ನೂ ಸೇರಿಸಿ ನೋಡಿತು. ಆಗ ಗಂಡಸರಲ್ಲಿ ಶೇ 30.6, ಹೆಂಗಸರಲ್ಲಿ ಶೇ 33.3. ಅಂತರ ಬಹುಮಟ್ಟಿಗೆ ಕರಗಿತ್ತು. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಗಂಡಸರು. ಕೌಟುಂಬಿಕ ಕಾರಣಗಳ ನಂತರದ ಸ್ಥಾನ ಕಾಯಿಲೆಯದು. ತಡೆದುಕೊಳ್ಳುತ್ತಾರೆ ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕು. ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚಾಗಿ ಗಂಡಸರದು. ದವಡೆ ತೆಗೆಸಿಕೊಂಡವನಿಗೆ ಮಾತು ತೊದಲುತ್ತದೆ, ನಾಲ್ಕು ಜನರ ನಡುವೆ ಊಟಕ್ಕೆ ಕೂರಲು ಸಂಕೋಚ. ಆತ ಮೌನವಾದದ್ದನ್ನು ಗಟ್ಟಿತನ ಎಂದುಕೊಳ್ಳುವುದು ಸುಲಭ. ಇಂಥವರ ಮನಸ್ಸನ್ನು ಅರಿಯುವ ಕೆಲಸ ನಮ್ಮಲ್ಲಿ ಹೊಸದೇನಲ್ಲ. ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ ಮತ್ತು ಸಹೋದ್ಯೋಗಿಗಳು ರೇಡಿಯೇಷನ್ ಪಡೆಯುವ ತಲೆ–ಕುತ್ತಿಗೆ ಕ್ಯಾನ್ಸರ್ ರೋಗಿಗಳ ಚಿಂತೆ, ಆತಂಕ, ಖಿನ್ನತೆಯ ಅಧ್ಯಯನವನ್ನು 1996ರಲ್ಲೇ ಪ್ರಕಟಿಸಿದ್ದರು.

ಹಳ್ಳಿ ಮಟ್ಟದಲ್ಲಿ ಪ್ರಶ್ನೆ ಕೇಳುವ ವ್ಯವಸ್ಥೆಯೂ ಇದೆ. ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆ ತುಂಬುವ ನಮೂನೆಯ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸಿಗೆ ಬೇಜಾರು, ಹತಾಶೆ ಅನ್ನಿಸಿದೆಯೇ? ಒಳ್ಳೆಯ ಪ್ರಶ್ನೆಗಳೇ. ಆದರೆ ಆಕೆ ಮನೆಗೆ ಬರುವ ಹೊತ್ತಿನಲ್ಲಿ ಗಂಡಸು ತೋಟದಲ್ಲೋ ಪೇಟೆಯಲ್ಲೋ ಇರುತ್ತಾನೆ. ಸಿಕ್ಕರೂ, ಊರಿನದೇ ಹೆಣ್ಣುಮಗಳ ಮುಂದೆ, ಹೆಂಡತಿ ಬಾಗಿಲಲ್ಲಿ ನಿಂತಿರುವಾಗ, ‘ಏನಿಲ್ಲ ಬಿಡಮ್ಮ, ಚೆನ್ನಾಗಿದ್ದೀನಿ’ ಎನ್ನದೆ ಇನ್ನೇನು ಹೇಳಿಯಾನು? ಆಶಾ ಕಾರ್ಯಕರ್ತೆಯನ್ನು ಇದಕ್ಕೆ ದೂರುವುದು ಅನ್ಯಾಯ.

ಹೆಣ್ಣಿನ ದೇಹದ ವ್ಯತ್ಯಾಸವನ್ನೇ ಅಲ್ಲಗಳೆಯುತ್ತಿದ್ದೀರಾ ಎಂದು ಕೇಳಬಹುದು. ಖಂಡಿತ ಇಲ್ಲ. ಒಟ್ಟಾರೆ ಜನಸಮುದಾಯದಲ್ಲಿ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ದೇಹದಲ್ಲಿ ಉರಿಯೂತ ಉಂಟುಮಾಡುವ ಪದಾರ್ಥವನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಮನಸ್ಸು ಕುಗ್ಗಿದ್ದು ಹೆಂಗಸರಲ್ಲೇ ಹೆಚ್ಚು ಎಂದು ಲಾಸ್ ಏಂಜಲೀಸ್‌ನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಕ್ಯಾನ್ಸರ್ ಜೊತೆಗೂ ಅನೇಕ ವೇಳೆ ಉರಿಯೂತ ಇರುತ್ತದೆ. ಸ್ತನ ಕ್ಯಾನ್ಸರ್‌ನ ಚಿಕಿತ್ಸೆ ಅಕಾಲದಲ್ಲಿ ಮುಟ್ಟು ನಿಲ್ಲಿಸಬಹುದು. ಆದರೆ ಹಾರ್ಮೋನಿನ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪುರುಷ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ ಪಡೆದ ಹಿರಿಯರಲ್ಲಿ ಖಿನ್ನತೆಯ ಅಪಾಯ ಶೇ 23ರಷ್ಟು ಹೆಚ್ಚು ಎಂದು ಅಮೆರಿಕದ 2016ರ ಅಧ್ಯಯನ ಕಂಡುಕೊಂಡಿತು. ಅಂದರೆ ಯಾವ ಕ್ಯಾನ್ಸರ್, ಯಾವ ಔಷಧ ಎಂಬುದನ್ನು ಬಿಟ್ಟು ಬರೀ ಹೆಣ್ಣು, ಗಂಡು ಎಂದು ವಿಂಗಡಿಸಿದರೆ ವೈದ್ಯರಿಗೆ ಉಪಯೋಗವಾಗುವ ಮಾಹಿತಿ ಸಿಗುವುದಿಲ್ಲ.

ಕ್ಯಾನ್ಸರ್ ಬಂದವರಿಗೆ ದುಃಖವಾಗದೆ ಇನ್ನೇನಾಗುತ್ತದೆ, ಅದಕ್ಕೂ ಚಿಕಿತ್ಸೆಯೇ ಎಂಬುದು ಇನ್ನೊಂದು ಆಕ್ಷೇಪ. ಸ್ಕಾಟ್ಲೆಂಡಿನಲ್ಲಿ ತೀವ್ರ ಖಿನ್ನತೆಯಿದ್ದ 500 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ. ತರಬೇತಿ ಪಡೆದ ಕ್ಯಾನ್ಸರ್ ದಾದಿಯರು ಮನೋವೈದ್ಯರ ಉಸ್ತುವಾರಿಯಲ್ಲಿ ನೋಡಿಕೊಂಡ ಗುಂಪಿನಲ್ಲಿ ಶೇ 62 ಮಂದಿ ಆರು ತಿಂಗಳೊಳಗೆ ಚೇತರಿಕೆ ಕಂಡರು. ಮಾಮೂಲು ಆರೈಕೆಯವರಲ್ಲಿ ಶೇ 17. ಕೆಲಸದ ಹೆಚ್ಚಿನ ಪಾಲು ನಡೆದದ್ದು ದಾದಿಯರಿಂದ ಎಂಬುದು ಜಿಲ್ಲಾ ಆಸ್ಪತ್ರೆಯ ಮಟ್ಟಿಗೆ ದೊಡ್ಡ ವಿಷಯ. ಡ್ರಿಪ್ ಇಳಿಯುವ ಹೊತ್ತಿನಲ್ಲಿ ರೋಗಿ ಹೇಗೂ ಗಂಟೆಗಟ್ಟಲೆ ಕುರ್ಚಿಯಲ್ಲಿರುತ್ತಾನೆ, ದಾದಿ ಪಕ್ಕದಲ್ಲೇ ಇರುತ್ತಾಳೆ. ಜೊತೆಗೆ ಬಂದವರನ್ನು ಸ್ವಲ್ಪ ಹೊರಗೆ ಕಳಿಸಿ, ಎಲ್ಲರನ್ನೂ ಕೇಳಬೇಕು; ನಿದ್ದೆ, ಹಸಿವು ಎರಡನ್ನೂ ಕಿಮೋ ಕೆಡಿಸುವುದರಿಂದ ಅವನ್ನು ಬಿಟ್ಟು ಆಸಕ್ತಿ, ಹತಾಶೆ, ಸಿಟ್ಟು, ಕುಡಿತ, ಬದುಕೇ ಬೇಡವೆನ್ನುವ ಯೋಚನೆಯ ಬಗ್ಗೆ ಕೇಳಬೇಕು.

ಮುಂದೆ ಕಳಿಸಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಇದೆ, ಟೆಲಿ ಮಾನಸ್‌ನ 14416 ಸಂಖ್ಯೆ ಇದೆ. ಆದರೆ ಕುಣಿಗಲ್‌ನವರ ಕ್ಯಾನ್ಸರ್ ಫೈಲು ಬೆಂಗಳೂರಿನಲ್ಲಿ, ಮನೋವೈದ್ಯರ ಚೀಟಿ ಕುಣಿಗಲ್‌ನಲ್ಲಿ ಎಂದಾದರೆ ಅಪಾಯವೂ ಉಂಟು. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ನುಂಗುತ್ತಿರುವ ಹೆಂಗಸಿಗೆ ಖಿನ್ನತೆಗೆಂದು ಪ್ಯಾರಾಕ್ಸೆಟಿನ್ ಬರೆದರೆ, ಟಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದೇ ಕುಂಠಿತವಾಗುತ್ತದೆ. ಹೀಗೆ ಎರಡನ್ನೂ ಒಟ್ಟಿಗೆ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್‌ನಿಂದಾದ ಸಾವು ಹೆಚ್ಚಿತ್ತೆಂದು ಕೆನಡಾದ 2010ರ ಅಧ್ಯಯನ ಎಚ್ಚರಿಸಿದೆ. ಈ ತೊಡಕಿಲ್ಲದ ಬೇರೆ ಮಾತ್ರೆಗಳಿವೆ. ಡೇ ಕೇರ್ ಕೇಂದ್ರ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲೇ ನಡೆಯುತ್ತಿರುವ ಔಷಧಗಳ ಹೆಸರು, ಮನಸ್ಥಿತಿ ವಿಚಾರಿಸಿದ ದಿನಾಂಕ, ಸಿಕ್ಕ ಅಂಕ ಇಷ್ಟನ್ನು ಬರೆಯಲು ಜಾಗ ಬಿಟ್ಟರೆ ಮಂಗಳವಾರ ಬರುವ ವೈದ್ಯರು ಅದನ್ನು ನೋಡಿಯೇ ಮಾತ್ರೆ ಆಯ್ದುಕೊಳ್ಳಬಹುದು.