ಹತ್ತನೇತ್ತಾ ಅದಾಳ, ಅದಕ್ಕ ಕಲಿಸಲಿ

ಮೊನ್ನೆ ಐತವಾರ ನಮ್ಮ ಓಣ್ಯಾಗಿನ ಒಬ್ಬ ವೈನಿ ನನ್ನ ನಿಂದ್ರಿಸಿ ಕೇಳಿದ್ರು: "ನಿನ್ನ ಮಗಳು ಹತ್ತನೇತ್ತಾ ಹೌದಲ್ಲೊ? ಸಣ್ಣ ಹುಡುಗೂರ್ನ ಕಟ್ಟಿ ಮ್ಯಾಲೆ ಕೂಡಿಸ್ಕೊಂಡು ಅರಿಷಿಣ ಹಾಳ ಮಾಡ್ಕೋತ ಕೂತಾಳ. ನಿನಗರ ತಿಳೀಬಾರದೇನು?"

ನಾನೂ ಹಂಗ ಅಂದಾಕೀನ ರೀ. ಜೂನ್‌ದಾಗ ಆಕೀನ್ನ ಬೈದು ಒಳಗ ಕರಕೊಂಡು ಬಂದಿದ್ದೆ. ತಪ್ಪು ನಂದು. ಯಾಕಂತ ಕೇಳ್ರಿ.

ಅರಿಷಿಣದ ನೀರಾಗ ಕಾಗದ ಅದ್ದಿ ಒಣಗಿಸಿದ್ಲು. ಸಾಬಾಣದ ನೀರು ಹಚ್ಚಿದ ಕೂಡ್ಲೆ ಕೆಂಪಾತು. ಲಿಂಬಿಹಣ್ಣು ಹಿಂಡಿದ್ರ ತಿರಗಿ ಹಳದಿ. ಮೂರನೇತ್ತಾ ಹುಡುಗಿ ಒಬ್ಬಾಕಿ "ಯಾಕ ಅಕ್ಕಾ?" ಅಂದ್ಲು. ನನ್ನ ಮಗಳ ಬಾಯಿ ಕಟ್ತು. ಆಮ್ಲ, ಪ್ರತ್ಯಾಮ್ಲ, ಲವಣದ ಪಾಠ ಬಾಯಿಪಾಠ ಮಾಡಿ ಟೆಸ್ಟಿನ್ಯಾಗ ಪೂರಾ ಮಾರ್ಕ್ಸ್ ತಗೊಂಡಾಕಿ ಆಕಿ! ಸಂಜಿಗೆ ಪುಸ್ತಕ ತಗದ್ರ, ಅರಿವಿ ಮ್ಯಾಲಿನ ಅರಿಷಿಣದ ಕಲೆ ಸಾಬಾಣಕ್ಕ ಕೆಂಪಾಗೂದು ಅದರಾಗ ಅದ. ಓದಿದ್ಲು, ತಿಳದಿರ್ಲಿಲ್ಲ.

ಮುಂದಿನ ವಾರ ಆಕಿ ಸಣ್ಣವರಿಗೆ ತಿಳಿಯೂ ಹಂಗ ಹೇಳಿದ್ಲು: ಸಾಬಾಣ, ಸೋಡಾ, ಸುಣ್ಣ ಪ್ರತ್ಯಾಮ್ಲದ ಕಡೆಯವು, ಅವು ಅರಿಷಿಣದ ಬಣ್ಣ ಬದಲಸ್ತಾವ, ಹುಳಿ ಅಂದ್ರ ಆಮ್ಲ, ಅದು ಪ್ರತ್ಯಾಮ್ಲದ ಜೋರು ಇಳಸ್ತದ. ನಮ್ಮತ್ತಿ ಒಳಗಿಂದನ ಒದರಿದ್ರು, "ಆರತಿ ನೀರು ಮತ್ತ ಹೆಂಗ ಕೆಂಪಾಗ್ತದ ಅಂತ ಮಾಡೀರಿ? ಅರಿಷಿಣಕ್ಕ ಸುಣ್ಣ!" ಹುಡುಗೂರು ಎದ್ದು ಅಜ್ಜಿ ಕಡೆ ಓಡಿದ್ವು. (ಸುಣ್ಣ ಮಾತ್ರ ಅವರ ಕೈಗೆ ಕೊಡಬ್ಯಾಡ್ರಿ, ಕಣ್ಣಿಗೆ ಹೋದ್ರ ಕೇಡು.)

ಟ್ಯೂಷನ್‌ದಾಗ ರೊಕ್ಕಾ ಕೊಟ್ಟು ಸುಮ್ಮನ ಕೂತು ಬರಕೊಂಡು ಬರ್ತಾವ. ಇಲ್ಲೆ ಸಣ್ಣವರು ಪುಕ್ಕಟೆ "ಯಾಕ" ಅಂತ ಕೇಳ್ತಾವ. ಸರ್‌ಗೆ ಅಂಜೂ ಕೂಸು ಅಕ್ಕಗ ಅಂಜಂಗಿಲ್ಲ. ಆ "ಯಾಕ"ಕ್ಕ ಉತ್ತರ ಕೊಡಬೇಕಂದ್ರ ತನಗ ಮೊದಲ ತಿಳದಿರಬೇಕು. ಇದಕ್ಕಿಂತ ಛಲೋ ಅಭ್ಯಾಸ ಯಾವುದ್ರಿ?

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಹತ್ತನೇತ್ತಾ ಅಂತ ಹೆಣ್ಮಕ್ಕಳ ಕಡಿಂದ ರೊಟ್ಟಿ ಬಡಸೂದು ಬಿಟ್ಟೀವೇನು? ಭಾಂಡಿ ತಿಕ್ಕಸೂದು? ಮಂದಿ ಮದವಿಗೆ ಎರಡು ದಿನ ಕರಕೊಂಡು ಹೋಗೂದು? ಯಾವುದೂ ಬಿಟ್ಟಿಲ್ಲ. ಐತವಾರದ ಒಂದು ತಾಸು ಕಲಿಸೂದಷ್ಟ ನಮ್ಮ ಕಣ್ಣಿಗೆ ಚುಚ್ಚತದ. ಗಂಡು ಹುಡುಗ ದಿನಾ ಕ್ರಿಕೆಟ್‌ಗೆ ಹೋದ್ರ ಯಾವ ವೈನೀನೂ ನಿಂದ್ರಿಸಿ ಕೇಳಂಗಿಲ್ಲ.

ಹಾಳಾದದ್ದು ಎರಡು ಚಮಚ ಅರಿಷಿಣ, ಅರ್ಧ ಲಿಂಬಿಹಣ್ಣು. ಕಟ್ಟಿ ಆಕೀನ ತೊಳದ್ಲು.

ಬರೂ ಐತವಾರ ನಿಮ್ಮ ಮಗಳನ್ನೂ ಕಳಸ್ರಿ ವೈನಿ. ಅರಿಷಿಣ ನಂದು, ಲಿಂಬಿಹಣ್ಣು ನಿಮ್ಮದು.